ದಿನವೂ ಏಳು ಪಾಯಿಂಟ್ ಎರಡು

ಅಕ್ಷರ ಚೆನ್ನಾಗಿರುವವರ ಕಷ್ಟ ಅಕ್ಷರ ಕೆಟ್ಟಿರುವವರಿಗೆ ಅರ್ಥವಾಗುವುದಿಲ್ಲ. ಓಣಿಯಲ್ಲಿ ಯಾರದೇ ಲಗ್ನವಾಗಲಿ, ಪತ್ರಿಕೆಗಳ ಮೇಲೆ ಹೆಸರು ಬರೆಯಲು ನನ್ನನ್ನೇ ಕರೆಯುತ್ತಾರೆ. ಗಣಪತಿ ಕೂಡಿಸಿದರೆ ಫಲಕ ನಾನೇ ಬರೆಯಬೇಕು. ಹಿಟ್ಟಿನ ಗಿರಣಿಯವನು ‘ಇಂದು ಕರೆಂಟ್ ಇಲ್ಲ’ ಎಂಬ ಮೂರು ಮಾತಿಗೂ ನಮ್ಮ ಬಾಗಿಲು ಬಡಿಯುತ್ತಾನೆ. ಇದಕ್ಕೆಲ್ಲ ಕಾರಣ ಪ್ರಾಥಮಿಕ ಶಾಲೆಯ ಶಿಕ್ಷಕರಾಗಿದ್ದ ನನ್ನ ತಂದೆ. ಒತ್ತಕ್ಷರ ಸ್ವಲ್ಪ ಓರೆಯಾದರೂ ಪಟ್ಟಿಯಿಂದ ಬೆರಳಿನ ಗಂಟಿಗೆ ಕೊಟ್ಟು, ನನ್ನ ಅಕ್ಷರಗಳನ್ನು ಮುತ್ತಿನಂತೆ ಮಾಡಿ ಹೋದರು. ಬರೆದದ್ದು ಖರೆ ಇರಬೇಕೆಂದೂ ಹೇಳಿದ್ದರು ಅನ್ನಿಸುತ್ತದೆ. ಆದರೆ ಅದಕ್ಕೆ ಪಟ್ಟಿಯ ಏಟು ಇರಲಿಲ್ಲವಾದ್ದರಿಂದ ಅಷ್ಟಾಗಿ ನೆನಪಿನಲ್ಲಿ ಉಳಿಯಲಿಲ್ಲ.

ನಾನು ತಾರಿಹಾಳದ ಒಂದು ಸಣ್ಣ ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತೇನೆ. ಜೀವನದಲ್ಲಿ ಒಂದು ದಿನವೂ ಪಾಠ ಮಾಡದಿದ್ದರೂ ಅಲ್ಲಿ ಎಲ್ಲರ ಬಾಯಲ್ಲಿ ನಾನು ‘ಮಾಸ್ತರ’. ನಟ್ಟು, ಬೋಲ್ಟು, ಕೊಂಡಿಗಳಿಗೆ ತುಕ್ಕು ಹಿಡಿಯದಂತೆ ಸತುವಿನ ಲೇಪ ಕೊಡುವುದು ನಮ್ಮ ಉದ್ಯೋಗ. ಲೇಪಕ್ಕೆ ಮೊದಲು ಕಬ್ಬಿಣವನ್ನು ಆಮ್ಲದಲ್ಲಿ ಅದ್ದಿ ತೊಳೆಯುತ್ತಾರೆ. ಆ ತೊಳೆದ ನೀರನ್ನು ಹಾಗೇ ಗಟಾರಕ್ಕೆ ಬಿಡುವಂತಿಲ್ಲ. ತೊಟ್ಟಿಯಲ್ಲಿ ತುಂಬಿ, ಸುಣ್ಣ ಕಲಸಿ, ಹುಳಿ ಇಳಿಸಿ, ಕೆಸರು ತಳಕ್ಕೆ ಕೂತ ಮೇಲೆ ಪರೀಕ್ಷೆ ಮಾಡಿ ಬಿಡಬೇಕು. ಈ ತೊಟ್ಟಿಯ ಯಜಮಾನ ದಾವಲಸಾಬ ಕಾಕಾ. ಮೂವತ್ತು ವರ್ಷದಿಂದ ಆ ತೊಟ್ಟಿಯ ಮಗ್ಗುಲಲ್ಲೇ ಬೆಳಗಾಗಿಸಿ ಸಂಜೆಯಾಗಿಸಿದವರು. ಅಂಕಿ ಬರೆಯಬಲ್ಲರು, ಸಹಿ ಮಾಡಬಲ್ಲರು, ಅದರಾಚೆಗೆ ಪೆನ್ನಿನ ಗೊಡವೆಗೆ ಹೋಗದವರು.

ಹೋದ ವರ್ಷ ನಮ್ಮಿಂದ ಮಾಲು ಕೊಳ್ಳುವ ದೊಡ್ಡ ಕಂಪನಿಯಿಂದ ಒಂದು ಪತ್ರ ಬಂತು. ಇನ್ನು ಮುಂದೆ ಪರಿಸರದ ನಿಯಮ ಪಾಲಿಸುವವರಿಗೆ ಮಾತ್ರ ಕೆಲಸ ಕೊಡುತ್ತೇವೆ, ತಪಾಸಣೆಗೆ ನಮ್ಮವರು ಬರುತ್ತಾರೆ, ದಿನದಿನದ ದಾಖಲೆ ಸಿದ್ಧವಿರಲಿ ಎಂಬುದು ಸಾರಾಂಶ. ನಮ್ಮ ಮುಕ್ಕಾಲು ಕೆಲಸ ಅವರದೇ. ಅದು ನಿಂತರೆ ಲೇಪದ ವಿಭಾಗಕ್ಕೆ ಬೀಗ, ಅಲ್ಲಿಯ ಹತ್ತೊಂಬತ್ತು ಜನ ಮನೆಗೆ. ಮಾಲಕರಾದ ಬಸವರಾಜಪ್ಪನವರು ಪತ್ರ ಓದಿ, ಕನ್ನಡಕ ತೆಗೆದು, ನನ್ನ ಮುಖ ನೋಡಿದರು. “ಮಾಸ್ತರ, ನಿಮ್ಮ ಅಕ್ಷರ ಛಲೋ ಅದಾವು. ಇವತ್ತಿಂದ ನೀವ ಪರಿಸರ ಅಧಿಕಾರಿ,” ಅಂದರು. ಹೀಗೆ ನಾನು ಅಧಿಕಾರಿಯಾದೆ. ಮನೆಗೆ ಹೋಗಿ ಹೆಂಡತಿ ಸುಮಂಗಲೆಗೆ ಹೇಳಿದಾಗ, ಮೊದಲು ಹಿತ್ತಲಿನ ಮೋರಿ ಸ್ವಚ್ಛ ಮಾಡಿ ಆಮೇಲೆ ಪರಿಸರಕ್ಕೆ ಹೋಗಿರೆಂದಳು.

ಅಧಿಕಾರಿಯ ಕೆಲಸ ಸುಲಭದ್ದು. ತೊಟ್ಟಿಯಿಂದ ಹೊರಗೆ ಬಿಡುವ ನೀರಿನ ಪಿಎಚ್ ಎಷ್ಟೆಂದು ದಿನಾ ನೋಡಿ ಪುಸ್ತಕದಲ್ಲಿ ಬರೆಯಬೇಕು. ಪಿಎಚ್ ಅಂದರೆ ನೀರಿನ ಹುಳಿಯ ಅಳತೆ. ಏಳಿದ್ದರೆ ಹುಳಿಯೂ ಇಲ್ಲ, ಕ್ಷಾರವೂ ಇಲ್ಲ. ಮೊದಲ ವಾರ ನಾನು ದಿನವೂ ತೊಟ್ಟಿಯವರೆಗೆ ನಡೆದುಹೋಗಿ ಕಾಕಾನನ್ನು ಕೇಳಿ ಬರೆದೆ. ಎರಡನೆಯ ವಾರ ಬಿಸಿಲು ಹೆಚ್ಚಾಯಿತು. ಮೂರನೆಯ ವಾರದಿಂದ ಒಂದು ಉಪಾಯ ಕಂಡುಕೊಂಡೆ. ತಿಂಗಳ ಕೊನೆಯ ದಿನ ಚಹಾ ತರಿಸಿಕೊಂಡು, ಫ್ಯಾನಿನ ಕೆಳಗೆ ಕೂತು, ಇಡೀ ತಿಂಗಳಿನದನ್ನು ಒಂದೇ ಸಲಕ್ಕೆ ಬರೆದು ಮುಗಿಸುವುದು. ಏಳು ಪಾಯಿಂಟ್ ಎರಡು, ಏಳು ಪಾಯಿಂಟ್ ಎರಡು. ನಡುನಡುವೆ ಬೇಸರ ಬಂದರೆ ಏಳು ಪಾಯಿಂಟ್ ಒಂದು. ಕಾಕಾ ಹೇಗೂ ನೀರನ್ನು ಸರಿ ಮಾಡಿಯೇ ಬಿಡುತ್ತಾರೆ ಎಂಬ ನಂಬಿಕೆ ಇತ್ತು. ಆ ನಂಬಿಕೆ ಸುಳ್ಳಾಗಲಿಲ್ಲ, ಪುಸ್ತಕ ಮಾತ್ರ ಸುಳ್ಳಾಯಿತು. ಆದರೂ ಏನು ಅಂದದ ಪುಸ್ತಕ! ಒಂದು ಕಾಟು ಇಲ್ಲ, ಗೀಟು ಇಲ್ಲ.

ತಪಾಸಣೆಗೆ ಹದಿನೈದು ದಿನ ಇರುವಾಗ ಕಾರ್ಖಾನೆಯಲ್ಲಿ ಕನ್ಯೆ ನೋಡಲು ಬರುವ ಮನೆಯ ಗಡಿಬಿಡಿ ಸುರುವಾಯಿತು. ಕಂಡದ್ದಕ್ಕೆಲ್ಲ ಹಸಿರು ಬಣ್ಣ ಬಳಿಸಿದೆವು. ಪೈಪು ಹಸಿರು, ಕಂಬ ಹಸಿರು, ಅವಸರದಲ್ಲಿ ವಾಚ್‌ಮನ್ನನ ಕುರ್ಚಿಯೂ ಹಸಿರು. ಅದು ಒಣಗುವ ಮೊದಲೇ ಅವನು ಕೂತಿದ್ದರಿಂದ ಅವನೂ ಸ್ವಲ್ಪ ಹಸಿರಾದ. ಗೋಕುಲ ರಸ್ತೆಯ ನರ್ಸರಿಯಿಂದ ಹನ್ನೆರಡು ಕುಂಡ ತಂದು ಗೇಟಿನಿಂದ ಆಫೀಸಿನವರೆಗೆ ಇಟ್ಟೆವು. ನನಗೆ ಇನ್ನೂ ಏನೋ ಕಡಿಮೆ ಅನ್ನಿಸಿತು. ನೋಟೀಸ್ ಬೋರ್ಡಿನ ಮೇಲೆ ಒಂದು ದೊಡ್ಡ ಫೋಟೋ ಅಂಟಿಸಿ, ಅದರ ಕೆಳಗೆ ನನ್ನ ಕೈಬರಹದಲ್ಲಿ ‘ನಿಸರ್ಗದ ಮಡಿಲಲ್ಲಿ ನಮ್ಮ ಸಿಬ್ಬಂದಿ, ಎಳ್ಳಮಾವಾಸ್ಯೆ’ ಎಂದು ತಾರೀಖು ಸಮೇತ ಬರೆದೆ. ಪ್ರತಿ ವರ್ಷ ಎಳ್ಳಮಾವಾಸ್ಯೆಗೆ ಕಾರ್ಖಾನೆ ಬಂದ್ ಮಾಡಿ, ನಾವೆಲ್ಲ ಗಬ್ಬೂರಿನ ಹತ್ತಿರ ಮಾಲಕರ ಹೊಲಕ್ಕೆ ಹೋಗಿ, ಬೆಳೆಗೆ ನೈವೇದ್ಯದ ಚರಗ ಚೆಲ್ಲಿ, ಊಟ ಮಾಡಿ ಬರುವ ರೂಢಿ. ಫೋಟೋದ ನಟ್ಟನಡುವೆ, ಒಂದು ಕೈಯಲ್ಲಿ ಸಜ್ಜಿ ರೊಟ್ಟಿ, ಇನ್ನೊಂದರಲ್ಲಿ ಬದನೆಯ ಎಣ್ಣಿಗಾಯಿ ಹಿಡಿದು ನಗುತ್ತಿರುವವನು ನಾನೇ.

ಕೊನೆಗೆ ತೊಟ್ಟಿಯ ಕಡೆ ಹೋದೆ. ಅಲ್ಲಿ ಗೋಡೆಗೆ ಒಂದು ಕೊಳಕು ಕ್ಯಾಲೆಂಡರ್ ನೇತಾಡುತ್ತಿತ್ತು. ಸುಣ್ಣದ ಬೆರಳಿನ ಗುರುತು, ನೀರಿನ ಕಲೆ, ಪ್ರತಿ ತಾರೀಖಿನ ಮೇಲೂ ಏನೋ ಕಾಗದದ ಚೂರು. ನಾನು ಅದನ್ನು ಕಿತ್ತು, ಆ ಜಾಗದಲ್ಲಿ ಮರ ಉಳಿಸಿ ಎಂಬ ಬಣ್ಣದ ಚಿತ್ರ ಅಂಟಿಸಿದೆ. ಕಾಕಾ ಕೈ ಒರೆಸಿಕೊಂಡು ಬಂದು, “ಒಗಿಬ್ಯಾಡ್ರಿ ಮಾಸ್ತರ. ಅದರಾಗ ನನ್ನ ನೀರಿನ ಹಕೀಕತ್ತು ಐತಿ,” ಅಂದರು. ಬಂದವರ ಕಣ್ಣಿಗೆ ಬೀಳದಂತೆ ಎಲ್ಲಾದರೂ ಇಟ್ಟುಕೊಳ್ಳಿ ಎಂದೆ, ಅಧಿಕಾರಿಯ ಗತ್ತಿನಲ್ಲಿ. ಅವರು ಅದನ್ನು ಸುರುಳಿ ಸುತ್ತಿ ಬುತ್ತಿಯ ಚೀಲಕ್ಕೆ ಸೇರಿಸಿದರು.

ತಪಾಸಣೆಗೆ ಬಂದವರು ನಮ್ಮ ಧಾರವಾಡದವರೇ ಆದ ಒಬ್ಬ ಹೆಣ್ಣುಮಗಳು. ಮೂವತ್ತರ ಒಳಗಿನವರು, ಬಹಳ ಮೆದು ಮಾತು. ಕುಂಡಗಳನ್ನು ನೋಡಲಿಲ್ಲ, ಹಸಿರು ಪೈಪನ್ನೂ ನೋಡಲಿಲ್ಲ, ನೋಟೀಸ್ ಬೋರ್ಡಿನ ಮುಂದೆ ಮಾತ್ರ ಎರಡು ನಿಮಿಷ ನಿಂತು ಫೋಟೋ ನೋಡಿ ನಕ್ಕರು. ನಾನೂ ನಕ್ಕೆ. ಆಮೇಲೆ ಆಫೀಸಿನಲ್ಲಿ ನನ್ನ ಪುಸ್ತಕ ಕೈಗೆತ್ತಿಕೊಂಡು, ಅಕ್ಷರ ಬಹಳ ಚಂದ ಇವೆ ಎಂದರು. ನಾನು ತಂದೆಯವರ ಕಥೆ ಹೇಳಲು ಸುರು ಮಾಡಿದ್ದೆ. ಅವರು ಹಾಳೆ ತಿರುವುತ್ತ ಒಂದು ಸಾಲಿನ ಮೇಲೆ ಬೆರಳಿಟ್ಟರು.

“ಸರ, ಎಳ್ಳಮವಾಸಿ ದಿನ ನೀವು ಎಲ್ಲಿದ್ರಿ?”

ಆ ಸಾಲಿನಲ್ಲಿ ಮುತ್ತಿನಂಥ ಅಕ್ಷರಗಳಲ್ಲಿ ಇತ್ತು: ಸಮಯ ಮಧ್ಯಾಹ್ನ ಒಂದು ಗಂಟೆ, ಏಳು ಪಾಯಿಂಟ್ ಎರಡು, ಪರೀಕ್ಷಿಸಿದವರು ನಾನು. ಆ ಹೊತ್ತಿಗೆ ನಾನು ಎಲ್ಲಿದ್ದೆನೆಂಬುದಕ್ಕೆ ಸಾಕ್ಷಿ ಹೊರಗೆ ಬೋರ್ಡಿನ ಮೇಲೆ ಎಣ್ಣಿಗಾಯಿ ಹಿಡಿದು ನಗುತ್ತಿತ್ತು, ಅದೂ ನನ್ನದೇ ಬರಹದ ತಾರೀಖಿನೊಂದಿಗೆ. ಗಬ್ಬೂರಿನಲ್ಲಿದ್ದೆ ಎಂದು ಒಪ್ಪಿಕೊಂಡೆ. ಬಸವರಾಜಪ್ಪನವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು, ಆದರೆ ಈ ಸಲ ಅಕ್ಷರದ ಮಾತು ಎತ್ತಲಿಲ್ಲ. ಈ ಪುಸ್ತಕ ನಂಬುವ ಹಾಗಿಲ್ಲ, ದಾಖಲೆ ಇಲ್ಲ ಎಂದೇ ವರದಿ ಬರೆಯಬೇಕಾಗುತ್ತದೆ ಎಂದು ಆಕೆ ಬೇಸರದಿಂದಲೇ ಹೇಳಿದರು. ನನ್ನ ಕಣ್ಣ ಮುಂದೆ ಹತ್ತೊಂಬತ್ತು ಜನರ ಬುತ್ತಿಯ ಡಬ್ಬಿಗಳು ಒಂದೊಂದಾಗಿ ಬಂದು ಹೋದವು. ನನಗೆ ನಾಚಿಕೆಯಾಯಿತು. ಬೈಸಿಕೊಂಡಾಗ ಆಗುವ ನಾಚಿಕೆಯಲ್ಲ ಅದು. ಅವರೆಲ್ಲ ಮೈ ಬಗ್ಗಿಸಿ ಸರಿಯಾಗಿ ಮಾಡಿದ ಕೆಲಸವನ್ನು ನಾನು ಫ್ಯಾನಿನ ಕೆಳಗೆ ಕೂತು ಸುಳ್ಳು ಮಾಡಿದ್ದೆ.

ಕೊನೆಗೆ ತೊಟ್ಟಿಯನ್ನಾದರೂ ನೋಡಿ ಹೋಗುತ್ತೇನೆಂದು ಆಕೆ ಎದ್ದರು. ಅಲ್ಲಿ ಕಾಕಾ ಟೋಪಿ ಸರಿಮಾಡಿಕೊಂಡು ನಿಂತಿದ್ದರು. ನೀರನ್ನು ಹೇಗೆ ನೋಡುತ್ತೀರಿ ಎಂದು ಆಕೆ ಕೇಳಿದ್ದೇ ತಡ, ಪಿಎಚ್ ಕಾಗದದ ಒಂದು ಪಟ್ಟಿ ಹರಿದು ನೀರಿನಲ್ಲಿ ಅದ್ದಿ ತೋರಿಸಿದರು. ಪಟ್ಟಿ ಹಸಿರಾಯಿತು, ನೀರು ಸರಿಯಿದೆ ಎಂಬುದರ ಗುರುತು. ದಿನಾ ಹೀಗೆ ನೋಡುವುದುಂಟೇ ಎಂದು ಆಕೆ ಕೇಳಿದರು. ಕಾಕಾ ನನ್ನ ಕಡೆ ಒಮ್ಮೆ ನೋಡಿದರು. ಅನುಮತಿ ಕೇಳುವ ನೋಟ ಅದು. ನಾನು ತಲೆ ಆಡಿಸಿದೆ. ಬುತ್ತಿಯ ಚೀಲದಿಂದ ಕ್ಯಾಲೆಂಡರ್ ಹೊರಗೆ ಬಂತು.

ಕಾಕಾನ ಮನೆಯಲ್ಲಿ ಹಾಲಿನವನು ಹಾಲು ಹಾಕಿದ ದಿನಕ್ಕೆ ಹೆಂಡತಿ ಕ್ಯಾಲೆಂಡರಿನಲ್ಲಿ ಗುರುತು ಮಾಡುತ್ತಾರಂತೆ, ಅದನ್ನು ನೋಡಿಯೇ ಇವರು ಕಲಿತದ್ದು. ದಿನಾ ಅದ್ದಿದ ಪಟ್ಟಿಯನ್ನು ಒಣಗಿಸಿ ಆ ತಾರೀಖಿನ ಮೇಲೆ ಅಂಟಿಸಿ, ಪಕ್ಕದಲ್ಲಿ ಪೆನ್ಸಿಲಿನಿಂದ ಅಂಕಿ ಬರೆದಿದ್ದರು. ಆಕೆ ಒಂದೊಂದೇ ತಿಂಗಳು ತಿರುವಿದರು. ಎಳ್ಳಮಾವಾಸ್ಯೆಯ ಚೌಕ ಖಾಲಿ. ಉಳಿದವು ಹೆಚ್ಚಾಗಿ ಹಸಿರು. ಎರಡು ಕಡೆ ಮಾತ್ರ ಕೆಂಪು ಪಟ್ಟಿ, ಅದರ ಕೆಳಗೆ ಇನ್ನೊಂದು ಹಸಿರು ಪಟ್ಟಿ. ಇದೇನೆಂದು ಕೇಳಿದಾಗ ಕಾಕಾ ಸಂಕೋಚಪಟ್ಟರು.

“ಅವತ್ತ ಹುಳಿ ಹೆಚ್ಚಾಗಿತ್ತರಿ. ನೀರ ಬಿಡಲಿಲ್ಲ, ತಡದೆ. ಮತ್ತ ಸುಣ್ಣಾ ಹಾಕಿ, ಹಸರ ಆದಮ್ಯಾಲೆ ಬಿಟ್ಟೇನಿ.”

“ಕಾಕಾ, ಈ ಎರಡು ಕೆಂಪು ಪಟ್ಟಿ ಅದಾವಲ್ಲ, ಇವನ್ನ ನೋಡಿನ ನಾ ಉಳಿದದ್ದನ್ನ ನಂಬತೇನಿ,” ಎಂದರು ಆಕೆ, ಮತ್ತು ಅಲ್ಲೇ ಸುಣ್ಣದ ಚೀಲದ ಮೇಲೆ ಕೂತು ಬರೆಯತೊಡಗಿದರು.

ಕೆಲಸ ಉಳಿಯಿತು. ನನ್ನ ಪುಸ್ತಕದ ಬಗ್ಗೆ ಎರಡು ಕಟುವಾದ ಸಾಲು ವರದಿಯಲ್ಲಿ ಬಂದವು, ಅವು ಬರಬೇಕಾದವೇ. ಇನ್ನು ಮುಂದೆ ಕಾಕಾ ತಾವೇ ಬರೆದು ತಾವೇ ಸಹಿ ಮಾಡಬೇಕು, ಪಟ್ಟಿಗಳನ್ನೂ ಜೊತೆಗಿಡಬೇಕು, ಮೂರು ತಿಂಗಳಾದ ಮೇಲೆ ಮತ್ತೆ ನೋಡಲು ಬರುತ್ತೇವೆ ಎಂದು ಹೇಳಿ ಹೋದರು. ಮರ ಉಳಿಸುವ ಚಿತ್ರವನ್ನು ನಾನೇ ಕಿತ್ತು ಕ್ಯಾಲೆಂಡರನ್ನು ಅದರ ಮೊಳೆಗೆ ಹಾಕಿದೆ. ಕಾಕಾನ ಕ್ಷಮೆ ಕೇಳಿದೆ. ಅವರು ನನ್ನ ಹೆಗಲ ಮೇಲೆ ಸುಣ್ಣದ ಕೈ ಇಟ್ಟು, ಚಹಾ ಕುಡಿಯೋಣ ನಡೆಯಿರಿ ಎಂದರು. ಅಂಗಿಯ ಮೇಲೆ ಅವರ ಐದು ಬೆರಳು ಮೂಡಿದವು.

ಆ ಸಂಜೆ ಇದನ್ನೆಲ್ಲ ಸುಮಂಗಲೆಗೆ ಸ್ವಲ್ಪ ರಂಗು ಹಚ್ಚಿಯೇ ಹೇಳಿದೆ. ನನ್ನ ಪಶ್ಚಾತ್ತಾಪದ ಭಾಗಕ್ಕೆ ಬಂದಾಗ ಅವಳು ಎದ್ದು ಒಳಗೆ ಹೋದಳು. ಕಣ್ಣು ಒರೆಸಿಕೊಳ್ಳಲು ಹೋದಳೆಂದು ತಿಳಿದೆ. ಒಂದು ಸಣ್ಣ ನೋಟುಬುಕ್ಕು ತಂದು ಮುಂದೆ ಹಿಡಿದಳು. ಆರು ತಿಂಗಳ ಹಿಂದೆ ಡಾಕ್ಟರು, ದಿನಾ ಮನೆಯಲ್ಲೇ ಬಿಪಿ ನೋಡಿ ಬರೆದಿಡಿ ಎಂದಿದ್ದರು. ನಾನು ಬರೆದಿದ್ದೆ. ನೂರಾ ಇಪ್ಪತ್ತು, ಎಂಬತ್ತು. ನೂರಾ ಇಪ್ಪತ್ತು, ಎಂಬತ್ತು. ಒಂದೇ ಪೆನ್ನು, ಒಂದು ಕಾಟು ಇಲ್ಲ.

“ಎಳ್ಳಮವಾಸಿ ದಿನಾ ನೂರಾ ಇಪ್ಪತ್ತು ಅಂತ ಐತಿ. ನೀವು ಹೊಲದಾಗ ಎಣ್ಣಿಗಾಯಿ ತಿನ್ನಾಕತ್ತಿದ್ರಿ. ಮಷೀನ ಕಪಾಟಿನ್ಯಾಗ ಇತ್ತು.”

ನಾನು ತೋಳು ಚಾಚಿದೆ. ಅವಳು ಪಟ್ಟಿ ಸುತ್ತಿ ಗುಂಡಿ ಒತ್ತಿದಳು. ನೂರಾ ಐವತ್ತಾರು, ತೊಂಬತ್ತೆಂಟು. ಅವಳು ಬೈಯಲಿಲ್ಲ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಆ ದಿನದ ಅರ್ಧ ಲೀಟರ್ ಹಾಲಿನ ಪಕ್ಕದಲ್ಲಿ, ಕೆಂಪು ಪೆನ್ನಿನಿಂದ ಅದನ್ನು ಬರೆದಳು. ಮರುದಿನದಿಂದ ಸಾರಿನಲ್ಲಿ ಉಪ್ಪು ಅರ್ಧಕ್ಕಿಳಿಯಿತು, ಉಪ್ಪಿನಕಾಯಿಯ ಭರಣಿ ನನ್ನ ಕೈಗೆಟುಕದ ಅಟ್ಟವೇರಿತು. ಸಂಜೆ ನಡೆದಾಡಲು ಹೋಗುತ್ತಿದ್ದೇನೆ. ಈ ವಾರ ಕೆಂಪು ಅಂಕಿ ನೂರಾ ನಲವತ್ತಕ್ಕೆ ಬಂದಿದೆ. ಡಾಕ್ಟರೂ ಮೂರು ತಿಂಗಳ ಗಡುವನ್ನೇ ಕೊಟ್ಟಿದ್ದಾರೆ. ಎರಡೂ ತಪಾಸಣೆಯಲ್ಲಿ ಪಾಸಾಗುತ್ತೇನೆಂಬ ಧೈರ್ಯ ನನಗಿದೆ, ಏಕೆಂದರೆ ಎರಡು ಪುಸ್ತಕಗಳನ್ನೂ ಬರೆಯುವ ಕೆಲಸ ಈಗ ನನ್ನ ಕೈಯಲ್ಲಿಲ್ಲ. ನನಗೆ ಉಳಿದಿರುವುದು ಗೇಟಿನ ಫಲಕದ ಮೇಲೆ ‘ಸುಸ್ವಾಗತ’ ಎಂದು ಬರೆಯುವುದೊಂದೇ. ಅದನ್ನು ಮುತ್ತಿನಂತೆ ಬರೆಯುತ್ತೇನೆ.