ಬೆಳ್ಳಿಯ ಮೇಲೆ ಕೂತವರು ಯಾರು?

ನನ್ನ ಉದ್ಯೋಗವೇನೆಂದು ಮನೆಯವರಿಗೆ ವಿವರಿಸಿ ಗೆದ್ದವನು ನಾನಲ್ಲ. ತೊಂಬತ್ತರ ದಶಕದಲ್ಲಿ ಪುಣೆಯ ಒಂದು ಪ್ರಯೋಗಶಾಲೆಯಲ್ಲಿ ಪಿಎಚ್‌ಡಿಗೆಂದು ಒದ್ದಾಡುತ್ತಿದ್ದೆ. ಬೆಳ್ಳಿಯ ಪುಟ್ಟ ಬಿಲ್ಲೆಯನ್ನು ದ್ರಾವಣದಲ್ಲಿ ಮುಳುಗಿಸಿ, ಕರೆಂಟು ಕೊಟ್ಟು, ಅದಕ್ಕೆ ಅಂಟಿದ ಅಣುಗಳ ಮೇಲೆ ಲೇಸರ್ ಬಿಡುವುದು ನನ್ನ ಕೆಲಸ. ಒಂದೊಂದು ಅಣು ಒಂದೊಂದು ರೀತಿ ನಡುಗುತ್ತದೆ; ಆ ನಡುಕ ಗ್ರಾಫಿನಲ್ಲಿ ಗೆರೆಯಾಗಿ ಏಳುತ್ತದೆ; ಗೆರೆ ನೋಡಿ, ಕೂತವರು ಯಾರೆಂದು ಹೇಳಬೇಕು. ಇಷ್ಟನ್ನೂ ಕೇಳಿದ ಮೇಲೆ ಧಾರವಾಡದ ನನ್ನ ಹೆಂಡತಿ, "ಬೆಳ್ಳಿ ತೊಳ್ಯಾಕ ಇಷ್ಟ ಓದಬೇಕೇನ್ರೀ?" ಎಂದಿದ್ದಳು.

ಒಂದು ಶ್ರಾವಣದಲ್ಲಿ ನನ್ನ ಗ್ರಾಫಿನಲ್ಲಿ ಕರೆಯದ ನೆಂಟರಂತೆ ಕೆಲವು ಗೆರೆಗಳು ಎದ್ದವು. ನನ್ನ ಗೈಡ್ ಹಳೇ ಪೇಠೆಯ ಮರಾಠಿ ಹಿರಿಯರು. ಚಾತುರ್ಮಾಸದಲ್ಲಿ ಅವರ ಮನೆಯೊಳಗೆ ಈರುಳ್ಳಿ, ಬೆಳ್ಳುಳ್ಳಿ ಬರುವಂತಿಲ್ಲ. ಬಿಲ್ಲೆಯನ್ನು ಉಜ್ಜಿ ಹೊಳಪು ಕೊಡುವವರು ಅವರೇ, ಅದೂ ಬರಿಗೈಲಿ. ಬೇರೆ ಯಾರ ಕೈಯ ಮೇಲೂ ಅವರಿಗೆ ನಂಬಿಕೆಯಿಲ್ಲ. ಗೆರೆಗಳನ್ನು ನೋಡಿದರು, ನನ್ನ ಊಟದ ಡಬ್ಬಿಯನ್ನು ನೋಡಿದರು, ಪಕ್ಕದಲ್ಲಿದ್ದ ಬೆಳ್ಳುಳ್ಳಿ ಚಟ್ನಿಪುಡಿಯ ಭರಣಿಯನ್ನು ಜಪ್ತಿ ಮಾಡಿ ತಮ್ಮ ಕಪಾಟಿಗಿಟ್ಟರು. ಆ ಭರಣಿ ಮೊದಲಿಂದಲೂ ಅದ್ಯಾಕೋ ಬೇಗ ಖಾಲಿಯಾಗುತ್ತಿತ್ತು. ಹೆಂಡತಿಯ ಕೈ ಬಿಗಿ ಎಂದುಕೊಂಡಿದ್ದೆ. ಗೆರೆ ಹೋಗದಿದ್ದರೆ ಯಂತ್ರದ ನನ್ನ ಪಾಳಿ ಬೇರೆಯವರಿಗೆ ಎಂದೂ ಹೇಳಿದರು. ಪಾಳಿ ಹೋದರೆ ಪಿಎಚ್‌ಡಿಗೂ ಎಳ್ಳುನೀರು.

ಒಣ ರೊಟ್ಟಿ ತಿಂದೆ, ಕೈಯನ್ನು ತಿಕ್ಕಿ ತಿಕ್ಕಿ ತೊಳೆದೆ. ಗೆರೆಗಳು ಇಳಿಯುವ ಬದಲು ಇನ್ನೂ ಎತ್ತರಕ್ಕೆದ್ದವು! ಸಿಟ್ಟು ನೆತ್ತಿಗೇರಿತು. ಮನೆಯಿಂದ ಒಂದು ಚಿಟಿಕೆ ಚಟ್ನಿಪುಡಿ ಕಟ್ಟಿ ತಂದು, ಸ್ಪಿರಿಟ್ಟಿನಲ್ಲಿ ಕದಡಿ ಸೋಸಿ, ಹೊಸ ಬಿಲ್ಲೆಯ ಮೇಲೆ ಒಂದು ಹನಿ ಬಿಟ್ಟು ಗ್ರಾಫ್ ತೆಗೆದೆ. ಆಹಾ, ಗೆರೆಗೆ ಗೆರೆ ಕೂಡಿತು! ಬೆಳ್ಳುಳ್ಳಿಯಲ್ಲಿರುವ ಗಂಧಕ ಬೆಳ್ಳಿಯನ್ನು ಕಂಡರೆ ಬಿಡುವುದಿಲ್ಲ ನೋಡಿ. ಎರಡೂ ಗ್ರಾಫನ್ನು ಗೈಡ್ ಮುಂದೆ ಹರಡಿ ಎದೆಯುಬ್ಬಿಸಿ ನಿಂತೆ. ಚಟ್ನಿ ಇರುವುದು ನಿಮ್ಮ ಕಪಾಟಿನಲ್ಲಿ, ಬಿಲ್ಲೆ ಉಜ್ಜುವುದು ನಿಮ್ಮ ಕೈ ಎಂದು ವಿನಯದಿಂದಲೇ ಹೇಳಿದೆ.

ಅವರು ಎದ್ದು ಬಾಗಿಲು ಮುಚ್ಚಿದರು. ಕಪಾಟು ತೆರೆದರು, ಭರಣಿಯ ತಳ ಕಾಣುತ್ತಿತ್ತು. "ಘರೀ ಸಾಂಗೂ ನಕಾ," ಎಂದರು ಮೆಲ್ಲಗೆ. ನಮ್ಮ ಮನೆಯಲ್ಲಿ ಹೇಳಬೇಡಿ ಎಂದು ಗೈಡೊಬ್ಬರು ತಮ್ಮ ವಿದ್ಯಾರ್ಥಿಯನ್ನು ಬೇಡಿಕೊಳ್ಳುವ ಭಾಗ್ಯ ಎಷ್ಟು ಜನಕ್ಕೆ ಸಿಕ್ಕೀತು ಹೇಳಿ! ಆ ತಿಂಗಳಿಡೀ ಯಂತ್ರ ನನ್ನದೇ.

ಗೆದ್ದ ಹುಮ್ಮಸ್ಸಿನಲ್ಲಿ ಮನೆಗೆ ಬಂದು ಎಲ್ಲವನ್ನೂ ಹೆಂಡತಿಗೆ ಬಣ್ಣಿಸಿದೆ. ಅವಳು ಇನ್ನೊಂದು ಭರಣಿ ತುಂಬಿದಳು, ಗೈಡ್‌ಗೆ.

"ನನ್ನ ಚಟ್ನಿ ಛಲೋ ಅದ ಅಂತ ಅವರಿಗೆ ಬಾಯಾಗ ಇಟ್ಟಕೂಡ್ಲೇ ಗೊತ್ತಾತು. ನಿಮಗ ಅದು ಚಟ್ನಿ ಅಂತ ತಿಳಿಯಾಕನ ಮಶೀನ್ ಬೇಕಾತು."

ಮರುದಿನವೂ ನನ್ನ ಡಬ್ಬಿಯಲ್ಲಿ ಒಣ ರೊಟ್ಟಿಯೇ ಇತ್ತು.