ಕ್ಯಾಲ್ಸಿಯಂ ಬಾಗಿಲು, ಬೀಗರ ಟಗರು

ಮನುಷ್ಯನ ಜೀವಕೋಶದಲ್ಲಿ ಕ್ಯಾಲ್ಸಿಯಂ ಚಾನೆಲ್ ಎಂಬುದೊಂದು ಇದೆ ಎಂದು ತಿಳಿದುಕೊಳ್ಳಲು ನನಗೆ ತಗುಲಿದ ಖರ್ಚು ಒಂದು ಟಗರು. ಕಾಲೇಜಿನ ಮಕ್ಕಳು ಇದೇ ವಿಷಯವನ್ನು ಒಂದು ಪಠ್ಯಪುಸ್ತಕದ ಬೆಲೆಗೆ ತಿಳಿದುಕೊಳ್ಳುತ್ತಾರೆ. ಯಾವ ಮಾಲನ್ನೂ ಹೇಳಿದ ಬೆಲೆಗೆ ಕೊಂಡು ಅಭ್ಯಾಸವಿಲ್ಲದ ನಾನು ಇದೊಂದನ್ನು ಮಾತ್ರ ಇಷ್ಟು ದುಬಾರಿಗೆ ಕೊಂಡೆ. ಕಾರಣ ಬೇರೇನಲ್ಲ, ಮಾತ್ರೆಯ ಜೊತೆಗೂ ಚೌಕಾಶಿಗೆ ಇಳಿದಿದ್ದೆ.

ನಾನು ಮಧುಗಿರಿಯಲ್ಲಿ ಹುಣಸೆಹಣ್ಣಿನ ವ್ಯಾಪಾರಿ. ಬೇರೆಯವರ ಮಂಡಿಯಲ್ಲಿ ಮೂಟೆ ಹೊತ್ತು, ಆಮೇಲೆ ಸ್ವಂತ ಅಂಗಡಿಯ ಬಾಗಿಲು ತೆಗೆದವನು. ಹುಣಸೆ ಮರದಲ್ಲಿ ಕಾಯಿ ಇರುವಾಗಲೇ ಕೆಳಗೆ ನಿಂತು ಫಸಲು ಎಷ್ಟು ಎಂದು ಅಂದಾಜು ಹೇಳಬಲ್ಲೆ. ಆದರೆ ನನ್ನ ನಿಜವಾದ ಹೆಮ್ಮೆ ಇರುವುದು ಶಿರಾದ ಕುರಿ ಸಂತೆಯಲ್ಲಿ. ಅಲ್ಲಿ ಹಳಬರು ಈಗಲೂ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೊಳ್ಳುವವನೂ ಮಾರುವವನೂ ಕೈ ಕೈ ಹಿಡಿದು ಮೇಲೊಂದು ಟವೆಲ್ ಹಾಸುತ್ತಾರೆ. ಯಾವ ಬೆರಳು ಹಿಡಿದರೆ ಎಷ್ಟು ಎಂಬುದು ಅವರವರಿಗೆ ಗೊತ್ತು. ಸುತ್ತ ನಿಂತವರಿಗೆ ಕಾಣುವುದು ಎರಡು ಮುಖ ಮಾತ್ರ. ಟವೆಲ್ ಕೆಳಗೆ ಬೆರಳು ಏನೇ ಹೇಳುತ್ತಿದ್ದರೂ ಮುಖ ಮಾತ್ರ ಮಳೆ ಬಂದೀತಾ ಎಂದು ಯೋಚಿಸುತ್ತಿರುವವನ ಹಾಗೆ ಇರಬೇಕು. ಅಂಥ ಮುಖ ನನಗೆ ಹುಟ್ಟಿನಿಂದಲೇ ಬಂದಿದೆ. ನನ್ನ ಹೆಂಡತಿ ರತ್ನಮ್ಮ ಮದುವೆಯಾದಾಗಿನಿಂದ ಆ ಮುಖದ ಬಗ್ಗೆ ದೂರು ಹೇಳುತ್ತಲೇ ಇದ್ದಾಳೆ.

ನಮ್ಮ ಮನೆಯ ಕಿಟಕಿಯಲ್ಲಿ ಎರಡು ಡಬ್ಬಿಗಳಿವೆ. ಒಂದರಲ್ಲಿ ರತ್ನಮ್ಮನ ಮಂಡಿ ನೋವಿಗೆ ಡಾಕ್ಟರು ಬರೆದುಕೊಟ್ಟ ಕ್ಯಾಲ್ಸಿಯಂ ಮಾತ್ರೆ, ಇನ್ನೊಂದರಲ್ಲಿ ನನ್ನ ಬಿಪಿ ಮಾತ್ರೆ. ಇವೆರಡೂ ವರ್ಷಗಟ್ಟಲೆ ಅಕ್ಕಪಕ್ಕದಲ್ಲಿ ಜಗಳವಿಲ್ಲದೆ ಬಾಳಿದ್ದವು. ಮಗಳು ಸುಧಾ ಕೊರಟಗೆರೆಯ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುತ್ತಾಳೆ. ಮದುವೆ ಗೊತ್ತಾಗಿ ರಜೆ ಹಾಕಿ ಬಂದವಳು ಒಂದು ದಿನ ನನ್ನ ಮಾತ್ರೆಯ ಹಾಳೆಯನ್ನು ತಿರುಗಿಸಿ ನೋಡಿ, "ಅಪ್ಪ, ಇದು ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್" ಎಂದಳು.

"ಅಂದ್ರೇನಮ್ಮ?"

"ಕ್ಯಾಲ್ಸಿಯಂ ಒಳಗೆ ಹೋಗೋದನ್ನ ತಡೆಯೋ ಮಾತ್ರೆ."

ಅಷ್ಟು ಹೇಳುವಷ್ಟರಲ್ಲಿ ಸೀರೆ ಅಂಗಡಿಯಿಂದ ಫೋನ್ ಬಂತು, ಅವಳು ಎದ್ದು ಹೋದಳು. ಪಾಠ ಅರ್ಧಕ್ಕೆ ನಿಂತರೆ ಮಕ್ಕಳು ಮಿಕ್ಕಿದ್ದನ್ನು ಹೇಗೆ ತುಂಬಿಸಿಕೊಳ್ಳುತ್ತಾರೆ ಎಂದು ಮೇಷ್ಟ್ರುಗಳು ಯೋಚಿಸಬೇಕು. ನಾನು ತುಂಬಿಸಿಕೊಂಡದ್ದು ಹೀಗೆ: ಒಂದೇ ಮನೆಯಲ್ಲಿ ಒಬ್ಬರು ದುಡ್ಡು ಕೊಟ್ಟು ಕ್ಯಾಲ್ಸಿಯಂ ತುಂಬಿಸುತ್ತಿದ್ದಾರೆ, ಇನ್ನೊಬ್ಬರು ದುಡ್ಡು ಕೊಟ್ಟು ತಡೆಯುತ್ತಿದ್ದಾರೆ. ಲಾರಿಗೆ ಮೂಟೆ ಏರಿಸಲು ಒಬ್ಬನಿಗೆ, ಇಳಿಸಲು ಇನ್ನೊಬ್ಬನಿಗೆ ಕೂಲಿ ಕೊಟ್ಟ ಹಾಗಾಯಿತು. ಕ್ಯಾಲ್ಸಿಯಂ ಒಳಗೆ ಹೋಗುವುದೇ ನನ್ನ ಬಿಪಿಗೆ ಕಾರಣವಾದರೆ, ತಿನ್ನುವುದನ್ನೇ ನಿಲ್ಲಿಸಿದರೆ ಮಾತ್ರೆ ಯಾಕೆ? ಕ್ಯಾಲ್ಸಿಯಂ ಯಾವುದರಲ್ಲಿದೆ ಎಂದು ಮೊಬೈಲಿನಲ್ಲಿ ಹುಡುಕಿದೆ. ಹಾಲು, ಮೊಸರು, ಮಜ್ಜಿಗೆ. ಎಲ್ಲಕ್ಕಿಂತ ಮುಂದೆ ನಿಂತು ಕೈ ಎತ್ತಿದ್ದು ನಮ್ಮ ರಾಗಿ.

ಹೀಗೆ ಮುದ್ದೆ ತಿಂದೇ ಬೆಳೆದ ನಾನು ಮುದ್ದೆ ಬಿಟ್ಟೆ. ಮಾತ್ರೆಯನ್ನೂ ಬಿಟ್ಟೆ, ಆದರೆ ಅದನ್ನು ಯಾರಿಗೂ ಹೇಳಲಿಲ್ಲ. ತಟ್ಟೆಗೆ ಅನ್ನ ಹಾಕಿಸಿಕೊಂಡಾಗ ರತ್ನಮ್ಮ, "ಏನ್ರೀ, ಮುದ್ದೆ ಕಂಡ್ರೆ ಮುಖ ತಿರುಗ್ಸ್ತೀರಾ, ಸಾರು ಕೆಟ್ಟೈತಾ, ನಾನು ಕೆಟ್ಟಿದೀನಾ?" ಎಂದಳು. ಮಗಳು ಗಂಡನ ಮನೆಗೆ ಹೋಗುವ ಸಂಕಟ ಎಂದು ನೆಂಟರೆಲ್ಲ ತೀರ್ಮಾನಿಸಿದರು. ನಾನೂ ಒಂದಿಷ್ಟು ಸಂಕಟದ ಮುಖ ಮಾಡಿಕೊಂಡೆ. ಪುಕ್ಕಟೆ ಸಿಗುವ ಮರ್ಯಾದೆಯನ್ನು ಬಿಡುವವನಲ್ಲ ನಾನು.

ಈಗ ಟಗರಿನ ವಿಷಯ. ಮದುವೆಯಾದ ಮೇಲೆ ಪಾವಗಡದ ಬೀಗರು ತಮ್ಮ ಮನೆಯಲ್ಲಿ ಬೀಗರ ಊಟ ಇಡುವುದೆಂದು ತೀರ್ಮಾನವಾಗಿತ್ತು. ಮಾತುಕತೆಯ ದಿನವೇ ನಾನು, "ಊಟ ನಿಮ್ದು, ಟಗರು ನಂದು. ನಾನು ಕೈ ಇಟ್ಟು ಆರಿಸಿದ ಟಗರು ಈ ಸೀಮೇಲಿ ಇನ್ನೊಂದಿರಲ್ಲ" ಎಂದು ಎಲ್ಲರೆದುರು ಹೇಳಿಬಿಟ್ಟಿದ್ದೆ. ಅದು ಸಾಲದು ಎಂಬಂತೆ, ಶಿರಾದ ಖಾದರ್ ಭಾಯ್ ಹತ್ತಿರ ಕಪ್ಪು ಮುಖದ, ಸುರುಳಿ ಕೊಂಬಿನ ಟಗರು ಬಂದಿದೆ ಎಂದು ಗೊತ್ತಾದಾಗ ಬೀಗರಿಗೆ ಫೋನ್ ಮಾಡಿ ಅದರ ವರ್ಣನೆಯನ್ನೂ ಮಾಡಿದ್ದೆ. ಟಗರು ತರದೆ ಹೋದರೆ ಪಾವಗಡಕ್ಕೆ ಮುಖ ತೋರಿಸುವ ಹಾಗಿರಲಿಲ್ಲ.

ಮದುವೆಗೆ ಮುಂಚಿನ ಸಂತೆಗೆ ಹೋದೆ. ಬೆಳಗಿನಿಂದಲೇ ತಲೆ ಭಾರ, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು. ಬಿಸಿಲು ಎಂದುಕೊಂಡೆ. ಖಾದರ್ ಭಾಯ್ ನನ್ನ ಕೈ ಹಿಡಿದು ಟವೆಲ್ ಹಾಸಿದರು. ನಾನು ಮಳೆಯ ಮುಖ ಹಾಕಿಕೊಂಡು ಬೆರಳು ಒತ್ತಿದೆ. ಅವರ ಹೆಬ್ಬೆರಳು ಮೆಲ್ಲಗೆ ಜಾರಿ ನನ್ನ ಮಣಿಕಟ್ಟಿಗೆ ಬಂತು.

"ಅರೆ ನಿಂಗಣ್ಣ, ಮುಖ ಬ್ಯಾಡ ಅಂತೈತೆ, ನಾಡಿ ಬೇಕು ಬೇಕು ಅಂತ ತಮಟೆ ಹೊಡೀತೈತಲ್ಲ. ಇಷ್ಟು ಆಸೆ ಇಟ್ಕೊಂಡೋನಿಗೆ ನಾನ್ಯಾಕೆ ಇಳಿಸ್ಲಿ?"

"ಆಸೇನೂ ಇಲ್ಲ, ಏನೂ ಇಲ್ಲ. ಟಗರು ಸಣಕಲು."

"ಸಣಕಲಾ? ಕಣ್ಣು ಕಾಣ್ತೈತಾ ನಿಂಗೆ?"

ನಿಜ ಹೇಳಬೇಕೆಂದರೆ ಆ ಹೊತ್ತಿಗೆ ಕಾಣುತ್ತಿರಲಿಲ್ಲ. ಟಗರು ಎರಡಾಯಿತು, ಖಾದರ್ ಭಾಯ್ ಎರಡಾದರು, ನಾನು ಟವೆಲ್ ಸಮೇತ ಕುಸಿದು ಕೂತೆ. ಅವರು ವ್ಯಾಪಾರ ಬಿಟ್ಟು, ಟಗರಿನ ಹಗ್ಗವನ್ನು ತಮ್ಮನ ಕೈಗೆ ಕೊಟ್ಟು, ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಡಾಕ್ಟರ ಹತ್ತಿರ ಕರೆದೊಯ್ದರು. ಬಿಪಿ ನೋಡಿದ ಡಾಕ್ಟರು ಮೊದಲು ನನ್ನನ್ನು, ಆಮೇಲೆ ನನ್ನ ಮುದ್ದೆಯ ಸಿದ್ಧಾಂತವನ್ನು ಬೈದರು. ನಾವು ಹಿಂದಿರುಗುವಷ್ಟರಲ್ಲಿ ಟಗರು ಮಾರಾಟವಾಗಿತ್ತು.

ಸಂಜೆ ಸುಧಾ ಅರ್ಧಕ್ಕೆ ನಿಂತಿದ್ದ ಪಾಠ ಮುಗಿಸಿದಳು. ಮೊದಲು ಸ್ವಲ್ಪ ಅತ್ತಳು, ಆಮೇಲೆ ಮುಗಿಸಿದಳು.

"ಅಪ್ಪ, ಒಂದೊಂದು ಜೀವಕೋಶಕ್ಕೂ ಗೋಡೆ ಥರ ಒಂದು ಪೊರೆ ಇರುತ್ತೆ. ಹೊರಗೆ ಕ್ಯಾಲ್ಸಿಯಂ ಸಂತೆ ಥರ ತುಂಬಿರುತ್ತೆ, ಒಳಗೆ ಇಲ್ಲ ಅನ್ನೋ ಅಷ್ಟು ಕಡಿಮೆ. ಪೊರೇಲಿ ಪುಟ್ಟ ಪುಟ್ಟ ಬಾಗಿಲು. ವಿದ್ಯುತ್ ಸಂದೇಶ ಬಂದ್ರೆ ಚಣ ಹೊತ್ತು ತೆಗೆದು ಮುಚ್ಚುತ್ವೆ. ಅಷ್ಟರಲ್ಲಿ ನುಗ್ಗಿದ ಕ್ಯಾಲ್ಸಿಯಂನಿಂದಾನೇ ಹೃದಯ ಬಡಿಯೋದು, ನರ ಇನ್ನೊಂದು ನರಕ್ಕೆ ಸುದ್ದಿ ಮುಟ್ಟಿಸೋದು, ರಕ್ತನಾಳ ಬಿಗಿಯಾಗೋದು."

"ನುಗ್ಗಿದ್ದು ಒಳಗೇ ಉಳ್ಕೊಂಡ್ರೆ?"

"ಉಳ್ಕೊಳ್ಳೋಕೆ ಬಿಡಲ್ಲ. ಕೋಶ ತಕ್ಷಣ ಎತ್ತಿ ಹೊರಗೆ ಹಾಕುತ್ತೆ. ಹೊರಗೂ ಒಳಗೂ ಒಂದೇ ಸಮ ಆದ್ರೆ ಕೋಶ ಸತ್ತ ಹಾಗೆ."

ಇಷ್ಟು ಹೊತ್ತು ತಲೆಯಾಡಿಸುತ್ತಿದ್ದ ನನಗೆ ಇದು ಮಾತ್ರ ಎದೆಗೆ ತಾಗಿತು. ಇದು ಜೀವಶಾಸ್ತ್ರವಲ್ಲ, ಮಂಡಿಯ ಶಾಸ್ತ್ರ. ನಾನು ಹಣ್ಣು ಕೊಳ್ಳುವ ವೈ.ಎನ್.ಹೊಸಕೋಟೆಯಲ್ಲೂ ಮಾರುವ ಮಧುಗಿರಿಯಲ್ಲೂ ಒಂದೇ ರೇಟಾದರೆ ಯಾವ ವ್ಯಾಪಾರಿ ಬದುಕುತ್ತಾನೆ? ಆ ಕಡೆಗೂ ಈ ಕಡೆಗೂ ಇರುವ ಅಂತರದಲ್ಲೇ ನನ್ನ ಜೀವನ ನಡೆದಿದೆ. ನನ್ನ ಮೈಯೊಳಗಿನ ಒಂದೊಂದು ಕೋಶವೂ ನನಗಿಂತ ಮುಂಚಿನಿಂದ ಅದೇ ಕಸುಬು ಮಾಡುತ್ತಿದೆಯಂತೆ.

"ನಿನ್ನ ಮಾತ್ರೆ ರಕ್ತನಾಳದ ಬಾಗಿಲನ್ನ ಸ್ವಲ್ಪ ಮುಚ್ಚಿ ಹಿಡಿಯುತ್ತೆ, ನಾಳ ಸಡಿಲ ಆಗುತ್ತೆ, ಬಿಪಿ ಇಳಿಯುತ್ತೆ, ಅಷ್ಟೇ" ಎಂದಳು ಸುಧಾ. "ಅಮ್ಮನ ಮಾತ್ರೆ ಮೂಳೆಗೆ. ಎರಡಕ್ಕೂ ಜಗಳವಿಲ್ಲ. ನೀನು ಮುದ್ದೆ ಬಿಟ್ರೆ ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆ ಆಗಲ್ಲಪ್ಪ, ಮೈ ನಿನ್ನ ಮೂಳೆಯಿಂದ ಕಿತ್ಕೊಂಡು ಸರಿ ಮಾಡ್ಕೊಳ್ಳುತ್ತೆ."

"ಅಂದ್ರೆ ಬಿಪಿ ಏರಿದ್ದೂ ಅಲ್ದೆ ಮೂಳೇನೂ ಸವೀತಿತ್ತು" ಎಂದಳು ಒಲೆಯ ಮುಂದಿದ್ದ ರತ್ನಮ್ಮ. "ಎಂಥಾ ವ್ಯಾಪಾರಸ್ಥರು ಕಣಮ್ಮ ನಿಮ್ಮಪ್ಪ." ಅಂದು ರಾತ್ರಿ ಅವಳು ಹಾಕಿದ ಮುದ್ದೆ ಮಾಮೂಲಿಗಿಂತ ದೊಡ್ಡದಿತ್ತು.

ಟಗರು ಕೈ ತಪ್ಪಿತೆಂದು ಬೀಗರಿಗೆ ಫೋನ್ ಮಾಡಿದರೆ, "ಬುಡಿ ಬುಡಿ, ನಮ್ಮತ್ರ ಒಂದೈತೆ" ಎಂದು ನಕ್ಕರು. ಮದುವೆ ಚೆನ್ನಾಗಿ ಆಯಿತು. ಬೀಗರ ಊಟದ ಹಿಂದಿನ ದಿನವೇ ಪಾವಗಡಕ್ಕೆ ಹೋಗಿ ಅವರ ಅಂಗಳಕ್ಕೆ ಕಾಲಿಟ್ಟರೆ, ಬೇವಿನ ಮರಕ್ಕೆ ಕಟ್ಟಿದ್ದ ಟಗರು ತಲೆ ಎತ್ತಿ ನನ್ನನ್ನೇ ನೋಡಿತು. ಕಪ್ಪು ಮುಖ. ಸುರುಳಿ ಕೊಂಬು.

"ಏಂ ಬೀಗ್ರೇ, ಎಟ್ಲುಂದಿ ಟಗರು?" ಎಂದು ಪಾವಗಡದ ತೆಲುಗು ಬೆರೆಸಿ, ಹೇಗಿದೆ ಎಂದು ಕೇಳುತ್ತಾ ಬೀಗರು ಬೆನ್ನು ತಟ್ಟಿದರು. "ನೀವು ಫೋನಾಗೆ ಹೇಳಿದ್ದು ಕೇಳಿ ನೋಡಾನಂತ ಶಿರಾಕ್ಕೆ ಬಂದಿದ್ದೆ. ಆಯಪ್ಪನ ತಮ್ಮ ಒಬ್ನೇ ನಿಂತಿದ್ದ. ಕೈ ಹಿಡಿದೆ, ಮುಗೀತು." ಅವರು ಮೆಲ್ಲಗೆ ಹೇಳಿದ ಬೆಲೆ ನಾನು ಟವೆಲ್ ಕೆಳಗೆ ಒತ್ತಿದ್ದಕ್ಕಿಂತ ಕಡಿಮೆಯಿತ್ತು.

"ನಾಡಿ ಹಿಡಿದು ನೋಡ್ಲಿಲ್ವಾ ಅವ್ನು?"

"ನೋಡ್ದ. ಏನೈತೆ ನೋಡಾಕೆ?" ಎಂದು ಬೀಗರು ಜೇಬಿನಿಂದ ಮಾತ್ರೆಯ ಹಾಳೆ ತೆಗೆದು, ನೀರಿಗೆ ಕೂಗಿ, ಒಂದನ್ನು ಬಾಯಿಗೆ ಹಾಕಿಕೊಂಡರು. ಹಾಳೆಯ ಬಣ್ಣ ನೋಡಿಯೇ ಗುರುತಿಸಿದೆ. ನನ್ನದೇ ಮಾತ್ರೆ.

ಆದ್ದರಿಂದ ಓದುಗರಲ್ಲಿ ನನ್ನ ವಿನಂತಿ. ಹುಣಸೆಹಣ್ಣಿಗೆ ಚೌಕಾಶಿ ಮಾಡಿ, ಸೀರೆಗೆ ಮಾಡಿ, ಬೇಕಾದರೆ ಛತ್ರದ ಬಾಡಿಗೆಗೂ ಮಾಡಿ. ಡಾಕ್ಟರು ಕೊಟ್ಟ ಮಾತ್ರೆಯನ್ನು ಅವರನ್ನು ಕೇಳದೆ ಬಿಡಬೇಡಿ, ಮುದ್ದೆಯನ್ನಂತೂ ಯಾರು ಹೇಳಿದರೂ ಬಿಡಬೇಡಿ. ಮನೆಯಲ್ಲಿ ಓದಿದ ಮಗಳಿದ್ದರೆ ಪಾಠ ಮುಗಿಯುವವರೆಗೆ ಅವಳ ಫೋನನ್ನು ನೀವು ಹಿಡಿದುಕೊಳ್ಳಿ. ಸಂತೆಗೆ ಹೋಗುವ ದಿನ ಮಾತ್ರೆ ನುಂಗಿಯೇ ಟವೆಲ್ ಕೆಳಗೆ ಕೈ ಇಡಿ. ಎದುರಿನವನು ಪಾವಗಡದವನಾಗಿದ್ದರೆ ಮೊದಲು ಅವನ ಜೇಬು ನೋಡಿ.