ಮೂಗಿನ ಸಾಕ್ಷಿ

ನಮ್ಮ ದೇಶದ ಮಧ್ಯಮ ವರ್ಗ ಹಾಳಾಗಿದ್ದು ಯಾರಿಂದ ಅನ್ನೋದು ದೊಡ್ಡ ದೊಡ್ಡ ಓದಿದವರಿಗೂ ಗೊತ್ತಿಲ್ಲವಂತೆ. ನನ್ನ ಮೈದುನನನ್ನು ಕೇಳಿದ್ದರೆ ಒಂದು ಮಿರ್ಚಿ ಬಜ್ಜಿ ಮೂಸಿ ಹೇಳಿಬಿಡುತ್ತಿದ್ದ!

ತಮಾಷೆಯಲ್ಲ. ಎಲ್ಲರ ಮುಖದಲ್ಲಿ ಮೂಗಿದ್ದರೆ, ಇವನ ಮೂಗಿಗೆ ಒಂದು ಮುಖ ಅಂಟಿಕೊಂಡಿತ್ತು. ಕೊಟ್ಟೂರಿನಲ್ಲಿ ನನ್ನ ಯಜಮಾನರೂ ಅವನೂ ಸೇರಿ ಶೇಂಗಾ ಎಣ್ಣೆಯ ಸಣ್ಣ ಮಿಲ್ಲು ನಡೆಸುತ್ತಿದ್ದರು. ಯಜಮಾನರು ಯಂತ್ರ ನೋಡಿಕೊಂಡರೆ, ಇವನು ಮಾಲು ಮೂಸುತ್ತಿದ್ದ. ಚೀಲದೊಳಗೆ ಕೈ ತೂರಿಸಿ, ಒಂದು ಹಿಡಿ ತೆಗೆದು ಮೂಗಿಗೆ ಹಿಡಿದು, "ಇದು ಹಡಗಲಿ ಕಡೀದು, ಮಳ್ಯಾಗ ತೊಯ್ದೈತಿ, ವಾಪಸ್ ಒಯ್ರಿ" ಎನ್ನುತ್ತಿದ್ದ. ತಂದವರು ಬೈದುಕೊಳ್ಳುತ್ತ ಒಯ್ಯುತ್ತಿದ್ದರು. ಸುಳ್ಳು ಎಂದವರು ಮಾತ್ರ ಒಬ್ಬರೂ ಇಲ್ಲ.

ಆ ಮೂಗಿನ ದೆಸೆಯಿಂದಲೇ ಅವನಿಗೆ ಮದುವೆಯಾಗಲಿಲ್ಲ. ಹೆಣ್ಣು ನೋಡಲು ಹೋದ ಮೂರು ಮನೆಗಳಲ್ಲೂ ಹುಡುಗಿಯ ಮುಖ ನೋಡುವ ಮೊದಲು ಉಪ್ಪಿಟ್ಟಿನ ತಟ್ಟೆ ಮೂಸಿದ. "ಹುಡುಗಿ ಹೆಂಗದಾಳೋ?" ಎಂದು ನಾನು ಕೇಳಿದರೆ, "ಹುಡುಗಿ ಚಲೋ ಅದಾಳ ಅತ್ತಿಗೆವ್ವಾ, ಎಣ್ಣಿ ಹಳೇದೈತಿ" ಎನ್ನಬೇಕೆ! ನಾಲ್ಕನೆಯ ಮನೆಯವರು ಬರುವುದೇ ಬೇಡವೆಂದು ಮೊದಲೇ ಹೇಳಿ ಕಳಿಸಿದರು. ಹೀಗಾಗಿ ನನ್ನ ಕೈಯಡುಗೆಯೇ ಅವನಿಗೆ ಗತಿಯಾಯಿತು.

ಆಮೇಲೆ ಹೊರದೇಶದಿಂದ ಹಡಗು ತುಂಬ ಪಾಮಾಯಿಲ್ ಬಂತು. ಅಂಗಡಿಯಲ್ಲಿ ಪಾಕೀಟು, ರೇಷನ್ನಿನಲ್ಲಿ ಬಿಡಿ. ಅಷ್ಟು ಸೋವಿಗೆ ಸಿಗುವಾಗ ಶೇಂಗಾ ಎಣ್ಣೆ ಯಾರು ಕೇಳುತ್ತಾರೆ? ಮೊದಲು ಯಜಮಾನರ ಎದೆ ನಿಂತಿತು, ಎರಡು ವರ್ಷಕ್ಕೆ ಮಿಲ್ಲು ನಿಂತಿತು. ನನ್ನ ಮಗ ಶಾಲೆಯಲ್ಲಿ ಗುಮಾಸ್ತನಾದ. ಮೈದುನ ಗೊಬ್ಬರದ ಅಂಗಡಿಯಲ್ಲಿ ಹೋಗಿ ಕುಳಿತ. ಅಂಥ ಮೂಗಿಗೆ ಯೂರಿಯಾ!

ಅಂದಿನಿಂದ ಅವನಿಗೆ ಹೊಸ ರೋಗ ಹತ್ತಿತು: ಯಾರು ಕಾರಣ? ದಿನಕ್ಕೊಬ್ಬ ಅಪರಾಧಿಯನ್ನು ಹಿಡಿದು ನಮ್ಮ ಕಟ್ಟೆಯ ಮೇಲೆ ನಿಲ್ಲಿಸುತ್ತಿದ್ದ. ಸೋಮವಾರ ದಿಲ್ಲಿಯವರು. ಮಂಗಳವಾರ ಹಡಗಿನವರು. ಬುಧವಾರ ಟೀವಿಯ ಪಾಮಾಯಿಲ್ ಜಾಹೀರಾತಿನಲ್ಲಿ ಪೂರಿ ತಿಂದು ಕುಣಿಯುವ ಆ ಹುಡುಗಿ. ಪೂರಿ ತಿಂದವರು ಕುಣಿಯುತ್ತಾರೆಯೇ, ಮಲಗುತ್ತಾರೆ! ಹೀಗೆ ಸುತ್ತಿ ಸುತ್ತಿ ವಾರ ಮುಗಿಯುವಷ್ಟರಲ್ಲಿ ಹೆಂಗಸರ ಸರದಿ ಬರುತ್ತಿತ್ತು.

"ಎರಡು ರೂಪಾಯಿ ಕಡಿಮಿ ಅಂದ್ರ ಸಾಕು, ಈ ಹೆಣ್ಮಕ್ಕಳು ಸೀಮಿ ಎಣ್ಣ್ಯಾಗೂ ಪೂರಿ ಕರೀತಾರ" ಎಂದು ನನ್ನ ಕಡೆಗೇ ನೋಡಿದ.

ನಾನು ಓದಿದ್ದು ಮೂರನೇ ಕ್ಲಾಸು. ತಿಳಿಯದ್ದನ್ನು ಕೇಳಲು ನನಗೇನೂ ಅಂಜಿಕೆಯಿಲ್ಲ. "ಅಲ್ಲೋ ತಮ್ಮಾ, ದಿನಾ ಮಧ್ಯಮ ವರ್ಗ, ಮಧ್ಯಮ ವರ್ಗ ಅಂತಿಯಲ್ಲ, ಅದು ಯಾವ ಊರಾಗ ಐತಿ?"

"ಎಲ್ಲೈತಿ ಅಂದ್ರ? ನಾವ ಅದು. ಚಲೋ ಎಣ್ಣಿ ಕೊಳ್ಳಾಕ ಆಗಂಗಿಲ್ಲ, ರೇಷನ್ ಸಾಲಿನ್ಯಾಗ ನಿಲ್ಲಾಕ ನಾಚಿಕಿ. ಆ ನಾಚಿಕಿ ಇರೋತನಕ ಮಧ್ಯಮ ವರ್ಗ ಅತ್ತಿಗೆವ್ವಾ. ಅದನ್ನ ಬಿಟ್ಟ ದಿನ ಎಲ್ಲಾ ಮುಗೀತು!" ಎಂದು ಎದ್ದವನು, ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಸೇರಿಸಿದ: "ಪಾಮಾಯಿಲ್ ಈ ಮನಿ ಹೊಸ್ತಿಲಾ ದಾಟಿದ್ರ ನಾ ಊಟ ಬಿಡ್ತೀನಿ."

ಅವನ ಲೆಕ್ಕದಲ್ಲಿ ನಾನು ಮುಂದಿನ ತಿಂಗಳೇ ಮುಗಿದೆ! ತಿಂಗಳಿಗೊಮ್ಮೆ, ಅವನು ಕೆಲಸಕ್ಕೆ ಹೋದ ಮೇಲೆ, ಸೆರಗನ್ನು ಮುಖದ ಮೇಲೆ ಎಳೆದುಕೊಂಡು ರೇಷನ್ ಸಾಲಿನಲ್ಲಿ ನಿಲ್ಲುತ್ತಿದ್ದವಳು ನಾನೇ. ತಂದ ಎಣ್ಣೆಯನ್ನು ಮಿಲ್ಲಿನ ಹಳೆಯ ಡಬ್ಬಕ್ಕೆ ಸುರಿದುಬಿಡುತ್ತಿದ್ದೆ. ಮಗ, ಸೊಸೆ, ಮೊಮ್ಮಗಳು, ಮೈದುನ, ನಾನು, ಮನೆಯಲ್ಲಿ ತಿನ್ನುವ ಬಾಯಿ ಐದು; ಬರುವುದು ಗುಮಾಸ್ತನ ಸಂಬಳ, ಗೊಬ್ಬರದ ಅಂಗಡಿಯ ಚಿಲ್ಲರೆ. ಇನ್ನೇನು ಮಾಡಲಿ?

ಮೊದಲ ದಿನ ಒಗ್ಗರಣೆ ಹಾಕುವಾಗ ಬಾಗಿಲ ಕಡೆಯೇ ನೋಡುತ್ತಿದ್ದೆ. ಇವನು ಊಟ ಬಿಟ್ಟರೆ ಯಾರು ಸಮಾಧಾನ ಮಾಡುವವರು? ಹಠಮಾರಿ, ಸತ್ತರೂ ಸತ್ತಾನು! ಆದರೆ ತಲೆ ಬಗ್ಗಿಸಿ ಕುಳಿತವನು ಉಂಡು ಕೈ ತೊಳೆದುಕೊಂಡು ಹೋದ. ಮರುದಿನವೂ ಹಾಗೇ. ಯೂರಿಯಾ ಆ ಮೂಗನ್ನು ಕೊಂದಿದೆ ಎಂದುಕೊಂಡೆ. ದೇವರು ಗೊಬ್ಬರದ ರೂಪದಲ್ಲೂ ಬರುತ್ತಾನೆ.

ಕೊಂದಿರಲಿಲ್ಲ. ಹಗರಿಬೊಮ್ಮನಹಳ್ಳಿಯಲ್ಲಿ ಅವನ ಸ್ವಂತ ತಂಗಿಯ ಮಗಳ ಮದುವೆ. ಊಟದ ಪಂಕ್ತಿಯಲ್ಲಿ ಬಜ್ಜಿ ಎಲೆಗೆ ಬಿದ್ದದ್ದೇ ತಡ, ಎದ್ದು ನಿಂತ. "ಪಾಮಾಯಿಲ್! ತಂಗಿ ಮನ್ಯಾಗ ಪಾಮಾಯಿಲ್!" ಎಂದು ಮಂಟಪವೆಲ್ಲ ಕೇಳುವ ಹಾಗೆ ಕೂಗಿ ಹೊರಗೆ ನಡೆದ. ತಂಗಿ ಎರಡು ವರ್ಷ ಮಾತು ಬಿಟ್ಟಳು. "ಇದ್ದದ್ದು ಹೇಳಿದ್ರ ಸಿಟ್ಟು" ಎಂದ, ಅಷ್ಟೇ. ಊರ ಮನೆಗಳಲ್ಲೆಲ್ಲ ಕೆಲಸ ಮಾಡುವ ಮೂಗು ನಮ್ಮ ಮನೆಯಲ್ಲಿ ಮಾತ್ರ ಯಾಕೆ ಮಲಗುತ್ತದೆ? ನಾನು ಹೆಚ್ಚು ಯೋಚಿಸಲಿಲ್ಲ. ಮಲಗಿದ್ದನ್ನು ಎಬ್ಬಿಸುವವರು ದಡ್ಡರು.

ಚಳಿಗಾಲ ಮಾತ್ರ ನನ್ನ ಜೀವ ತಿನ್ನುತ್ತಿತ್ತು. ಈ ದರಿದ್ರದ ಎಣ್ಣೆ ಚಳಿಗೆ ತುಪ್ಪದ ಹಾಗೆ ಬೆಳ್ಳಗೆ ಹೆಪ್ಪುಗಟ್ಟುತ್ತದೆ. ಡಬ್ಬಕ್ಕೆ ಹಳೆಯ ಕೌದಿ ಸುತ್ತಿ, ಬಾಣಂತಿಯ ಹಾಗೆ ಒಲೆಯ ಪಕ್ಕ ಕೂಡಿಸುತ್ತಿದ್ದೆ. ಒಮ್ಮೆ ನೀರು ಕಾಯಿಸಲು ಬಂದವನು ಅದನ್ನು ನೋಡಿ, "ಏನ್ರೀ ಅತ್ತಿಗೆವ್ವಾ, ಎಣ್ಣಿಗೂ ಚಳಿ ಹತ್ತೈತೇನು?" ಎಂದ. "ಮಿಲ್ಲಿನ ಡಬ್ಬಿ ಅಲ್ಲೇನೋ, ಮರ್ಯಾದಿ ಕೊಡಬೇಕು" ಎಂದೆ. ಚಂಬು ತುಂಬಿಕೊಂಡು ಹೋದ.

ಹೀಗೆ ಏಳೆಂಟು ವರ್ಷ ಕಳೆಯಿತು. ಮೊಮ್ಮಗಳನ್ನು ನೋಡಲು ಹರಪನಹಳ್ಳಿಯಿಂದ ಗಂಡಿನವರು ಬಂದರು. ಒಳ್ಳೆಯ ಮನೆತನ. ಹುಡುಗನ ಸೋದರಮಾವ ಕಿರಾಣಿ ಅಂಗಡಿಯವನು; ಆ ಮನೆಯಲ್ಲಿ ಅವನ ಮಾತೇ ಕೊನೆ. ನಾನು ಮಿರ್ಚಿ ಕರಿದೆ, ಮಂಡಕ್ಕಿ ಒಗ್ಗರಣೆ ಹಾಕಿದೆ. ಆ ಮಾವ ಒಂದು ಮಿರ್ಚಿ ಕಚ್ಚಿದವನೇ ಅಗಿಯುವುದನ್ನು ನಿಲ್ಲಿಸಿ ನಕ್ಕ.

"ಎಣ್ಣಿ ಮಿಲ್ಲಿನೋರು ಅಂತ ಕೇಳಿ ಬಂದಿದ್ವಿ. ಇದೇನ್ರಿ, ರೇಷನ್ ಎಣ್ಣಿ ವಾಸ್ನಿ ಬರ್ತೈತಲ್ಲ?"

ಮಗ ನೆಲ ನೋಡಿದ. ಚಹದ ತಟ್ಟೆ ಹಿಡಿದ ಮೊಮ್ಮಗಳು ಬಾಗಿಲಲ್ಲೇ ನಿಂತಳು. ಆಮೇಲೆ ಎಲ್ಲರೂ ಒಟ್ಟಿಗೆ ಮೈದುನನ ಕಡೆ ತಿರುಗಿದರು. ಆ ಮೂಗಿನ ಕಥೆ ಹರಪನಹಳ್ಳಿಗೂ ಹೋಗಿತ್ತು. ನಾನು ಅಡುಗೆಮನೆಯ ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಒಡಹುಟ್ಟಿದ ತಂಗಿಯನ್ನು ಬಿಡದವನು ಅತ್ತಿಗೆಯನ್ನು ಬಿಡುತ್ತಾನೆಯೇ?

ಅವನು ಒಂದು ಮಿರ್ಚಿ ತೆಗೆದುಕೊಂಡು ಎರಡು ತುಂಡು ಮಾಡಿದ. ಕಣ್ಣು ಮುಚ್ಚಿ ನಿಧಾನವಾಗಿ ಮೂಸಿದ.

"ಶೇಂಗಾ ಎಣ್ಣಿ" ಎಂದ. "ಕೊಟ್ಟೂರಿಂದು. ಅನುಮಾನ ಇದ್ರ ಇದಕ್ಕಿಂತ ಚಲೋ ಮೂಗು ಕರಕೊಂಡ್ ಬರ್ರಿ."

"ಏ, ನೀವು ಹೇಳಿದ ಮ್ಯಾಲ ಮುಗೀತು ಬಿಡ್ರಿ!" ಎಂದು ಆ ಮಾವ ಮತ್ತೆ ನಾಲ್ಕು ತಿಂದ. ಹೋಗುವಾಗ ಹೆಣ್ಣು ಒಪ್ಪಿಗೆ ಎಂದೇ ಹೇಳಿ ಹೋದ.

ಅವರು ಹೋದ ಮೇಲೆ ಮೈದುನ ತಟ್ಟೆ ಇಡುವ ನೆಪದಲ್ಲಿ ಅಡುಗೆಮನೆಗೆ ಬಂದ. ನಾನು ಬಾಣಲೆ ಉಜ್ಜುತ್ತಲೇ ಇದ್ದೆ.

"ಅತ್ತಿಗೆವ್ವಾ, ಎಣ್ಣಿ ಕಾದಾಗ ಒಂಚೂರು ಹುಣಸಿಹಣ್ಣು ಹಾಕಿ ತೆಗೀರಿ. ಪಾಮಾಯಿಲ್ ವಾಸನಿ ಅರ್ಧ ಹೋಗ್ತೈತಿ."

"ಯಾವಾಗಿಂದ ಗೊತ್ತೋ ನಿನಗ?"

"ಮೊದಲ್ನೇ ಒಗ್ಗರಣಿಯಿಂದ."

"ಮತ್ತ, ಊಟ ಬಿಡ್ತೀನಿ ಅಂದಿದ್ದಿ?"

"ನಾ ಬಿಟ್ಟಿದ್ರ ನೀವೂ ಬಿಡ್ತಿದ್ರಿ" ಎಂದು ಹೊರಗೆ ಹೋದ.

ಮುಂದಿನ ತಿಂಗಳು ರೇಷನ್ ಬಂದ ದಿನ ನೋಡಿದರೆ ಡಬ್ಬವೂ ಇಲ್ಲ, ಕಾರ್ಡೂ ಇಲ್ಲ. ಮೊಣಕಾಲು ಹಿಡಿದುಕೊಂಡು ಓಣಿಯ ತಿರುವಿನವರೆಗೆ ಹೋದೆ. ಹೆಂಗಸರ ಸಾಲಿನ ನಡುವೆ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಮಿಲ್ಲಿನ ಡಬ್ಬ ಹಿಡಿದು ನಿಂತಿದ್ದ. ಹಿಂದಿದ್ದವಳಿಗೆ ದಿಲ್ಲಿಯವರ ತಪ್ಪನ್ನು ವಿವರಿಸುತ್ತಿದ್ದ. ಸರದಿ ಬಂದಾಗ ಮಾತು ನಿಲ್ಲಿಸಿ ಡಬ್ಬ ಮುಂದೆ ಚಾಚಿದ. ಎಣ್ಣೆ ಸುರಿದು ಮುಗಿಯುವತನಕ ಅವನು ಉಸಿರು ಹಿಡಿದಿದ್ದ.